ಓರ್ಕಾಗಳ ಊಟ ಕಸಿಯುವ ಸದ್ದು

ಕೆನಡಾದ ವ್ಯಾಂಕೂವರ್‌ಗೂ ಅಮೆರಿಕದ ಸಿಯಾಟಲ್‌ಗೂ ನಡುವಿನ ಸೇಲಿಶ್ ಸಮುದ್ರದಲ್ಲಿ ಓರ್ಕಾ ತಿಮಿಂಗಿಲ ಬೇಟೆಯಾಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ನೀರಿನಾಳದ ಮಬ್ಬಿನಲ್ಲಿ ಅದು ಟಿಕ್ ಟಿಕ್ ಎಂಬ ಸದ್ದನ್ನು ಮುಂದಕ್ಕೆ ಕಳಿಸುತ್ತದೆ. ಆ ಸದ್ದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿ ಮರುದನಿಯಾಗಿ ಹಿಂದಿರುಗುತ್ತದೆ. ಮೀನು ಎಷ್ಟು ದೂರದಲ್ಲಿದೆ, ಎತ್ತ ತಿರುಗುತ್ತಿದೆ ಎಂಬುದೆಲ್ಲ ಅದಕ್ಕೆ ತಿಳಿಯುವುದು ಹೀಗೆ. ಆ ಹೊತ್ತಿಗೆ ಸರಿಯಾಗಿ ದೊಡ್ಡ ಹಡಗೊಂದು ಹಾದುಹೋದರೆ ಪ್ರೊಪೆಲ್ಲರಿನ ಅಬ್ಬರದಲ್ಲಿ ಮರುದನಿ ಕೇಳಿಸುವುದೇ ಇಲ್ಲ. ಮೀನು ಅಲ್ಲೇ ಇರುತ್ತದೆ. ಓರ್ಕಾ ಹಸಿದೇ ಇರುತ್ತದೆ. ಹಡಗು, ದೋಣಿಗಳು ಹತ್ತಿರ ಬಂದಾಗ ಹೆಣ್ಣು ಓರ್ಕಾಗಳು ಬೇಟೆಯನ್ನೇ ಕೈಬಿಡುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಮರಿಗೆ ಹಾಲೂಡಬೇಕಾದ ತಾಯಂದಿರು ಇವರು.

ಈ ಓರ್ಕಾಗಳಿಗೆ ವಿಜ್ಞಾನಿಗಳು ಇಟ್ಟ ಹೆಸರು ‘ದಕ್ಷಿಣದ ನಿವಾಸಿಗಳು’. ಜೆ, ಕೆ, ಎಲ್ ಎಂಬ ಮೂರು ಬಳಗಗಳಲ್ಲಿ ಇಂದು ಉಳಿದಿರುವವು ಹೆಚ್ಚೂಕಡಿಮೆ 75. ಗಂಡುಮಕ್ಕಳು ಬೆಳೆದ ಮೇಲೂ ತಾಯಿಯ ಜೊತೆಯಲ್ಲೇ ಬಾಳುತ್ತವೆ, ಹಿಡಿದ ಮೀನನ್ನು ಹಂಚಿ ತಿನ್ನುತ್ತವೆ, ಮುಂದೆ ನಿಂತು ದಾರಿ ತೋರಿಸುವವರು ಅಜ್ಜಿಯಂದಿರು. ಊಟದಲ್ಲಿ ಮಾತ್ರ ಬಲು ಹಟಮಾರಿಗಳು. ಅದೇ ನೀರಿನಲ್ಲಿ ತಿರುಗುವ ಇನ್ನೊಂದು ಬಗೆಯ ಓರ್ಕಾಗಳು ಸೀಲ್‌ಗಳನ್ನು ಹಿಡಿದು ತಿಂದು ಕೊಬ್ಬಿದರೆ, ಇವು ಮೀನು ಬಿಟ್ಟು ಬೇರೇನನ್ನೂ ತಿನ್ನವು. ಅದರಲ್ಲೂ ಚಿನೂಕ್ ಸಾಲ್ಮನ್ ಬೇಕೇ ಬೇಕು. ನದಿಗಳಿಗೆ ಅಣೆಕಟ್ಟು ಬಿದ್ದು ಆ ಮೀನೇ ಕಡಿಮೆಯಾಗಿದೆ. ಇರುವಷ್ಟನ್ನೂ ಹುಡುಕಲು ಸದ್ದು ಬಿಡುತ್ತಿಲ್ಲ. 2008ರಿಂದ 2014ರವರೆಗೆ ನಡೆದ ಅಧ್ಯಯನವೊಂದರಲ್ಲಿ ಗರ್ಭ ನಿಂತ ಪ್ರಕರಣಗಳ ಪೈಕಿ ಸುಮಾರು ಶೇ 69ರಷ್ಟು ವಿಫಲವಾಗಿದ್ದವು. ಆಹಾರದ ಕೊರತೆಯೇ ಮುಖ್ಯ ಕಾರಣವೆಂದು ಆ ಅಧ್ಯಯನ ಹೇಳಿತು.

2018ರ ಜುಲೈಯಲ್ಲಿ ಜೆ35 ಎಂಬ ತಾಯಿ ಓರ್ಕಾ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತ ಮರಿಯನ್ನು 17 ದಿನ ಹೊತ್ತು ಸುಮಾರು 1,600 ಕಿಲೋಮೀಟರ್ ಈಜಿದ್ದನ್ನು ಜಗತ್ತೇ ನೋಡಿತು. ಅದೇ ವರ್ಷ ಕೆನಡಾ ಸರ್ಕಾರ 450 ಕೋಟಿ ಕೆನಡಿಯನ್ ಡಾಲರ್ ಕೊಟ್ಟು ಟ್ರಾನ್ಸ್ ಮೌಂಟನ್ ತೈಲ ಕೊಳವೆಮಾರ್ಗವನ್ನು ಕೊಂಡುಕೊಂಡಿತು. ಆಲ್ಬರ್ಟಾದ ತೈಲವನ್ನು ವ್ಯಾಂಕೂವರ್ ಪಕ್ಕದ ಬರ್ನಬಿ ಬಂದರಿಗೆ ತರುವ ಮಾರ್ಗವದು. ಅದರ ವಿಸ್ತರಣೆಯ ವಿರುದ್ಧ ಆ ಕರಾವಳಿಯ ಮೂಲನಿವಾಸಿಗಳಾದ ಸ್ಲೇವಾಟೂತ್ ಜನರು ಮತ್ತಿತರರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಆಗಸ್ಟ್ 30ರಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಯೋಜನೆಯ ಅನುಮತಿಯನ್ನೇ ರದ್ದು ಮಾಡಿತು. ಮೂಲನಿವಾಸಿಗಳೊಂದಿಗೆ ಸರಿಯಾಗಿ ಸಮಾಲೋಚಿಸಿಲ್ಲ ಎಂಬುದು ಒಂದು ಕಾರಣ. ಕೊಳವೆಯ ಪರಿಸರ ಪರಿಣಾಮ ಅಳೆದವರು ಅದರ ತುದಿಯಿಂದ ಹೊರಡುವ ಟ್ಯಾಂಕರ್ ಹಡಗುಗಳನ್ನು ಲೆಕ್ಕದಿಂದ ಹೊರಗಿಟ್ಟಿದ್ದರು ಎಂಬುದು ಇನ್ನೊಂದು.

ಮುಂದೆ ನಡೆದದ್ದೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ಸಂಕಟ ತರುವ ಭಾಗ. ಯೋಜನೆಯ ಮರುಪರಿಶೀಲನೆ ನಡೆಸಿದ ಕೆನಡಾದ ಇಂಧನ ಮಂಡಳಿ 2019ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಟ್ಯಾಂಕರ್ ಸಂಚಾರದಿಂದ ಈ ಓರ್ಕಾಗಳಿಗೆ ಗಂಭೀರ ಹಾನಿಯಾಗುವ ಸಂಭವವಿದೆ ಎಂದು ಮಂಡಳಿ ಒಪ್ಪಿಕೊಂಡಿತು. ಒಪ್ಪಿಕೊಂಡೂ, ಯೋಜನೆ ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಶಿಫಾರಸು ಮಾಡಿತು. ಜೂನ್‌ನಲ್ಲಿ ಸಂಪುಟದ ಒಪ್ಪಿಗೆಯೂ ಸಿಕ್ಕಿತು. ಗೊತ್ತಿಲ್ಲದೆ ಆದ ಅನಾಹುತಕ್ಕೆ ಕ್ಷಮೆ ಇರಬಹುದು. ಇಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡೇ ಸಹಿ ಹಾಕಲಾಗಿದೆ. ಇವು ಅಳಿವಿನಂಚಿನಲ್ಲಿವೆ ಎಂದು ಘೋಷಿಸಿದ ಸರ್ಕಾರವೇ ಕೊಳವೆಯ ಮಾಲೀಕನೂ ಆದರೆ ಓರ್ಕಾ ಯಾರ ಬಳಿ ದೂರು ಕೊಡಬೇಕು?

2024ರ ಮೇ ತಿಂಗಳಲ್ಲಿ ಹೊಸ ಮಾರ್ಗ ಶುರುವಾಯಿತು. ದಿನಕ್ಕೆ 3 ಲಕ್ಷ ಬ್ಯಾರಲ್ ಇದ್ದ ಸಾಮರ್ಥ್ಯ 8.9 ಲಕ್ಷಕ್ಕೇರಿದೆ. ತಿಂಗಳಿಗೆ ಸುಮಾರು 5 ಟ್ಯಾಂಕರ್ ಬರುತ್ತಿದ್ದ ಬಂದರಿಗೆ ಈಗ 34ರವರೆಗೆ ಬರಬಹುದು. ತೈಲ ಚೆಲ್ಲಿದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕಾ ಸಾಕ್ಷಿ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ತೈಲ ಹರಡಿದ ಮೇಲೆ ಎಟಿ1 ಎಂಬ ಗುಂಪಿನ 22 ಓರ್ಕಾಗಳಲ್ಲಿ 9 ಕಣ್ಮರೆಯಾದವು. ಆ ಗುಂಪಿನಲ್ಲಿ ಮತ್ತೆ ಮರಿ ಉಳಿದಿಲ್ಲ.

ಹಾಗೆಂದು ಕೈಚೆಲ್ಲಿ ಕೂರುವ ಸ್ಥಿತಿಯೇನೂ ಅಲ್ಲ. 2017ರಿಂದ ಸೇಲಿಶ್ ಸಮುದ್ರದ ಹಾರೋ ಜಲಸಂಧಿಯಲ್ಲಿ ಓರ್ಕಾಗಳು ಬರುವ ಕಾಲಕ್ಕೆ ಹಡಗುಗಳು ವೇಗ ತಗ್ಗಿಸುವ ವ್ಯವಸ್ಥೆ ಇದೆ. ವೇಗ ಇಳಿದರೆ ನೀರೊಳಗಿನ ಸದ್ದೂ ಇಳಿಯುತ್ತದೆ ಎಂಬುದು ಅಳತೆಯಿಂದ ಸಾಬೀತಾಗಿದೆ. ಆದರೆ ಅದು ಹಡಗಿನವರ ಇಚ್ಛೆಗೆ ಬಿಟ್ಟ ವಿಷಯ. ಕಾನೂನಾಗಬೇಕು, ವರ್ಷಪೂರ್ತಿ ಜಾರಿಯಲ್ಲಿರಬೇಕು. ವಾಷಿಂಗ್ಟನ್ ರಾಜ್ಯ 2025ರ ಜನವರಿಯಿಂದ ದೋಣಿಗಳು ಈ ಓರ್ಕಾಗಳಿಂದ ಸಾವಿರ ಗಜ ದೂರವಿರಬೇಕೆಂದು ಕಾನೂನನ್ನೇ ಮಾಡಿದೆ. ಮನಸ್ಸಿದ್ದರೆ ಆಗುತ್ತದೆ.

ಸಿಯಾಟಲ್, ವ್ಯಾಂಕೂವರ್‌ಗಳಲ್ಲಿ ಈಗ ನಮ್ಮ ಮಕ್ಕಳು, ನೆಂಟರು ಬೇಕಾದಷ್ಟು ಜನರಿದ್ದಾರೆ. ಅವರ ಮನೆಗೆ ಹೋದಾಗ ಓರ್ಕಾ ನೋಡುವ ಆಸೆಯಾದರೆ ದೋಣಿ ಹತ್ತಬೇಡಿ. ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ಪಾಯಿಂಟ್ ಉದ್ಯಾನದ ಬಂಡೆಗಳ ಮೇಲೆ ಕುಳಿತು ಕಾಯಿರಿ. ಅವು ದಡಕ್ಕೆ ಹತ್ತಿರವೇ ಹಾದುಹೋಗುವ ಜಾಗವದು. ಅಲ್ಲಿಯೇ ನೆಲೆಸಿ ಮತದ ಹಕ್ಕು ಪಡೆದವರು ಚುನಾವಣೆಯ ಹೊತ್ತಿಗೆ ಈ ಟ್ಯಾಂಕರ್‌ಗಳ ಬಗ್ಗೆ ಅಭ್ಯರ್ಥಿಗಳನ್ನು ಕೇಳಿ.