ಕಡಾಣಿಯಿಂದ ಕಂಟ್ರೋಲ್ ಆರ್ಮಿನವರೆಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಳೆಯ ಎತ್ತಿನ ಗಾಡಿಗೆ ಸ್ಪ್ರಿಂಗು ಇದ್ದಿಲ್ಲ; ತೋಟದ ಬದು ಹಾಯುವಾಗಿನ ಪೆಟ್ಟನ್ನು ಕೊಬ್ಬರಿಯ ಚೀಲವೂ ಗಾಡಿ ಹೊಡೆಯುವವನೂ ಹಂಚಿಕೊಳ್ಳಬೇಕಾಗಿದ್ದಿತು. ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಕಮಾನುಪಟ್ಟಿಗಳೇ ಭಾರವನ್ನು ಹೊತ್ತು, ಅಚ್ಚನ್ನೂ ಅದರ ಸ್ಥಾನದಲ್ಲಿ ಹಿಡಿದಿದ್ದವು. 2020ರ ಥಾರ್ ವಾಹನದಲ್ಲಾದರೋ ಈ ಎರಡು ಕಾರ್ಯಗಳೂ ಬೇರೆಯಾಗಿವೆ: ಭಾರವು ಸುರುಳಿ ಸ್ಪ್ರಿಂಗಿಗೆ, ಚಕ್ರದ ನೆಲೆಯು ಕಂಟ್ರೋಲ್ ಆರ್ಮೆಂಬ ತೋಳುಗಳಿಗೆ.

ಆದುದರಿಂದ ಅನ್ಯ ತಯಾರಕರ ತೋಳನ್ನು ಕೊಳ್ಳುವವರು ಮೊದಲು ವಿಚಾರಿಸತಕ್ಕದ್ದು ವಾಹನವನ್ನು ಎತ್ತರಿಸಿದೆಯೇ ಎಂಬುದನ್ನು. ಎತ್ತರಿಸದಿದ್ದಲ್ಲಿ, ತೋಟದ ದಾರಿಗೆ ಮೂಲ ತೋಳೇ ಸಾಕೆಂದು ನನ್ನ ಅಭಿಪ್ರಾಯ. ಎರಡಂಗುಲ ಎತ್ತರಿಸಿದರೆ ಮುಂದಿನ ತೋಳುಗಳು ಕೆಳಮುಖವಾಗಿ ಓರೆಯಾಗುತ್ತವೆ. ಚಕ್ರದ ಓರೆ ಬದಲಾಗಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ತೋಳಿನ ತುದಿಯ ಬಾಲ್ ಜಾಯಿಂಟು ತನ್ನ ಚಲನೆಯ ಮೇರೆಯನ್ನು ಸಮೀಪಿಸುತ್ತದೆ. ಮೇಲಿನ ತೋಳನ್ನು ಬದಲಿಸುವುದು ಈ ಕೋನವನ್ನು ಸರಿಪಡಿಸಲೆಂದೇ ಹೊರತು ಅಂದಕ್ಕಲ್ಲ. ಆ ಕೀಲು ಮುರಿದರೆ, ಕಡಾಣಿ ಕಳಚಿದ ಗಾಡಿಯ ಗತಿಯೇ. ಆದರೆ ಗಾಡಿಯ ವೇಗ ಎತ್ತಿನದು!

ರಬ್ಬರಿನ ಬುಷ್ ಅದುರನ್ನು ನುಂಗುತ್ತದೆ. ಪಾಲಿಯುರೆಥೇನಿನದು ಬಿಗಿಯಾದುದು, ಗ್ರೀಸು ಆರಿದರೆ ಕಿರುಗುಟ್ಟುತ್ತದೆ. ಕೆಮ್ಮಣ್ಣಿನ ಧೂಳಿನಲ್ಲಿ ನಾನು ರಬ್ಬರನ್ನೇ ಆರಿಸುವೆನು. ಯಾವ ತೋಳನ್ನು ಹಾಕಿದರೂ ಚಕ್ರಗಳ ಅಲೈನ್‌ಮೆಂಟನ್ನು ಮತ್ತೆ ಮಾಡಿಸತಕ್ಕದ್ದು. ನೋಂದಣಿಪತ್ರದ ವಿವರಗಳು ತಯಾರಕನ ಮೂಲ ನಿರ್ದೇಶಕ್ಕೆ ಭಿನ್ನವಾಗುವಂತಹ ಮಾರ್ಪಾಟನ್ನು 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನಿಷೇಧಿಸುತ್ತದೆ. ಎತ್ತರಿಸುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.