ಶಾಸನದ ದಾಖಲೆಗಳಿಗೆ ಕಂಪನಿಯ ಸಾಫ್ಟ್‌ವೇರ್ ಸಾಕೇ?

ಆಫೀಸಿನ ಫೈಲಿಗೆ ನಾವು ಇಂದಿಗೂ ಹೇಳುವ 'ಕಡತ' ಅನ್ನೋ ಪದದ ಹಿಂದೆ ಒಂದು ವಸ್ತು ಇದೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದರೆ ಅಳಿಸಿ ಮತ್ತೆ ಬರೆಯುತ್ತಿದ್ದರು. ದಿನದ ಲೆಕ್ಕಕ್ಕೆ ಅಷ್ಟು ಸಾಕು. ದಾನ ಸೂರ್ಯಚಂದ್ರರಿರುವ ತನಕ ನಡೆಯಬೇಕು ಅಂದಾಗ ಮಾತ್ರ ಕಲ್ಲು ಅಥವಾ ತಾಮ್ರ.

ಈ ಮಾತು ಯಾಕೆ ಅಂದ್ರೆ, ಊರೂರು ಸುತ್ತಿ ಶಾಸನ ದಾಖಲಿಸುವ ಗೆಳೆಯರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: 'ಫೋಟೋ, ಪಡಿಯಚ್ಚಿನ ಸ್ಕ್ಯಾನ್, ಪಾಠ, ಟಿಪ್ಪಣಿ ಎಲ್ಲ ಹಾರ್ಡ್‌ಡಿಸ್ಕುಗಳಲ್ಲಿ ಚೆಲ್ಲಾಪಿಲ್ಲಿಯಾಗಿವೆ. ಶೇರ್‌ಪಾಯಿಂಟ್, ಅಲ್‌ಫ್ರೆಸ್ಕೋ ಥರದ್ದರಲ್ಲಿ ಹಾಕಿಬಿಡೋಣವೇ?' ಹಾಕಬಹುದು. ಫೈಲಿನ ಜೊತೆ ಅದರ ವಿವರ, ಯಾರು ಯಾವಾಗ ತಿದ್ದಿದರು ಎಂಬ ಲೆಕ್ಕ, ಹಳೆಯ ಆವೃತ್ತಿ, ಯಾರಿಗೆ ಎಷ್ಟು ಅಧಿಕಾರ, ಇವನ್ನೆಲ್ಲ ಅವು ಚೆನ್ನಾಗಿಯೇ ನಿಭಾಯಿಸುತ್ತವೆ. ಆದರೆ ಅವು ಹುಟ್ಟಿದ್ದು ಕಡತದ ಮನೆಯಲ್ಲಿ. ಕಲ್ಲಿನ ಸ್ವಭಾವವನ್ನು ನಾವೇ ಕಲಿಸಬೇಕು.

ಮೊದಲನೆಯದು ಗುರುತಿನ ಸಂಖ್ಯೆ. ಶ್ರವಣಬೆಳಗೊಳವನ್ನೇ ನೋಡಿ. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು 500 ಆದವು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಆವೃತ್ತಿಯಲ್ಲಿ 573. ಹೀಗಾಗಿ ಒಂದೇ ಬಂಡೆಬರಹಕ್ಕೆ ಮೂರು ಸಂಖ್ಯೆ ಇರಬಹುದು, ಮೂರನ್ನೂ ವಿದ್ವಾಂಸರು ಉಲ್ಲೇಖಿಸಿರುತ್ತಾರೆ. ತಾಲ್ಲೂಕಿನ ಹೆಸರಲ್ಲಿ ಫೋಲ್ಡರ್ ಮಾಡೋಣ ಅಂದರೆ ರೈಸರ ಹಾಸನ ಸಂಪುಟದ 'ಮಂಜರಾಬಾದ್' ಇವತ್ತಿನ ಸಕಲೇಶಪುರ. ಆದ್ದರಿಂದ ಫೋಲ್ಡರಿನ ಗೋಜಿಗೇ ಹೋಗಬೇಡಿ. ಪ್ರತಿ ಶಾಸನಕ್ಕೆ ಅರ್ಥವಿಲ್ಲದ ಒಂದು ಸಂಖ್ಯೆ ಕೊಟ್ಟು, ಊರು, ತಾಲ್ಲೂಕು, ಹಳೆಯ ಸಂಖ್ಯೆಗಳನ್ನೆಲ್ಲ ಅದರ ಕೆಳಗೆ ವಿವರವಾಗಿ ತುಂಬಿ. ದಾಖಲೆಯ ಘಟಕ ಶಾಸನ, ಫೈಲಲ್ಲ. ತಾಮ್ರಪಟವಾದರೆ ಇದು ಇನ್ನೂ ಮುಖ್ಯ: ಐದು ಹಲಗೆ, ಬಳೆ, ಮುದ್ರೆ ಎಲ್ಲ ಸೇರಿ ಒಂದೇ ದಾಖಲೆ.

ಎರಡನೆಯದು ಕಾಲ. ಇಲ್ಲಿ ನಗು ಬರುತ್ತದೆ. ಶೇರ್‌ಪಾಯಿಂಟಿನ ದಿನಾಂಕದ ಕಾಲಂ 1900ಕ್ಕಿಂತ ಹಿಂದಿನದನ್ನು ಒಪ್ಪುವುದೇ ಇಲ್ಲ! ಬೇಲೂರಿನ ದೇವಾಲಯ ಪ್ರತಿಷ್ಠೆಯಾದ ಶಕ 1039, ಹೇವಿಳಂಬಿ ಸಂವತ್ಸರ, ಅಂದರೆ ಕ್ರಿ.ಶ. 1117, ಅದರ ಪಾಲಿಗೆ ಇಲ್ಲವೇ ಇಲ್ಲ. ಶಾಸನದಲ್ಲಿ ಇರುವಂತೆ ಕಾಲವನ್ನು ಪಠ್ಯವಾಗಿ ಒಂದು ಕಾಲಮ್ಮಿನಲ್ಲಿ, ಕ್ರಿಸ್ತಶಕ ವರ್ಷವನ್ನು ಬರೀ ಅಂಕಿಯಾಗಿ ಇನ್ನೊಂದರಲ್ಲಿ ಇಟ್ಟರೆ ಕೆಲಸ ನಡೆಯುತ್ತದೆ. ತೇದಿಯಿಲ್ಲದ ವೀರಗಲ್ಲಿಗೆ 'ಇಂದ', 'ವರೆಗೆ' ಎಂದು ಎರಡು ಅಂಕಿ.

ಹುಡುಕಾಟದ ತೊಂದರೆಯೂ ಇದೇ ಜಾತಿಯದು. ಸವೆದ ಅಕ್ಷರವನ್ನು ನಾವು 'ವಿ[ಷ್ಣು]ವರ್ಧನ' ಎಂದು ಕಂಸ ಹಾಕಿ ಬರೆಯುತ್ತೇವೆ. ಸಾಫ್ಟ್‌ವೇರಿಗೆ ಅದು ಮೂರು ತುಂಡು, 'ವಿಷ್ಣುವರ್ಧನ' ಎಂದು ಹುಡುಕಿದರೆ ಸಿಗದೆ ಹೋಗಬಹುದು. ಕಂಸವಿರುವ ಪಾಠ ಒಂದು, ಹುಡುಕಲಿಕ್ಕೆ ಕಂಸ ತೆಗೆದ ಪಾಠ ಇನ್ನೊಂದು, ಎರಡನ್ನೂ ಇಡಿ. ಎಪಿಡಾಕ್ ಎಂಬ ಎಕ್ಸ್‌ಎಂಎಲ್ ಪದ್ಧತಿ ಕಲಿತರೆ ಒಂದೇ ಪಾಠದಿಂದ ಎರಡನ್ನೂ ಹೊರತೆಗೆಯಬಹುದು, ಆದರೆ ಅದಕ್ಕೆ ಕೂತು ಕಲಿಯುವವರು ಬೇಕು.

ಈಗ ನನಗೆ ನಿಜವಾಗಿ ಭಯವಿರುವ ವಿಷಯ. ಕಂಪನಿಗಳಲ್ಲಿ ದಾಖಲೆಗೆ ಆಯಸ್ಸು ಇರುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು. ಅವಧಿ ಮುಗಿದದ್ದನ್ನು ತಾನಾಗಿಯೇ ಅಳಿಸುವ ವ್ಯವಸ್ಥೆ ಈ ಸಾಫ್ಟ್‌ವೇರುಗಳಲ್ಲಿದೆ. ಹಾಗೆಯೇ ಆವೃತ್ತಿಗಳ ಸಂಖ್ಯೆಗೆ ಮಿತಿ ಇಟ್ಟರೆ, ಅದು ದಾಟಿದಾಗ ತೀರ ಹಳೆಯದು ಹೋಗುತ್ತದೆ. ವ್ಯಾಪಾರಕ್ಕೆ ಇದು ಸರಿಯೇ, ಅಲ್ಲಿ ಕೊನೆಯ ಆವೃತ್ತಿಯೇ ಪ್ರಮಾಣ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ನೂರು ವರ್ಷದ ಹಿಂದೆ ತೆಗೆದ ಪಡಿಯಚ್ಚಿನಲ್ಲಿ ಕಾಣುವ ಅಕ್ಷರ ಇವತ್ತಿನ ಕಲ್ಲಿನ ಮೇಲೆ ಇರಲಿಕ್ಕಿಲ್ಲ. ಸುಣ್ಣ ಬಳಿದಿರುತ್ತಾರೆ, ಚಕ್ಕೆ ಎದ್ದಿರುತ್ತದೆ, ರಸ್ತೆ ಅಗಲ ಮಾಡುವಾಗ ಕಲ್ಲೇ ಮಾಯವಾಗಿರುತ್ತದೆ. ಆಗ ಆ ಹಳೆಯ ಪ್ರತಿಯೇ ಶಾಸನ.

ಪಾಠಕ್ಕೂ ಇದೇ ಮಾತು. ಒಬ್ಬರು 'ವ' ಎಂದು ಓದಿದ್ದನ್ನು ಇನ್ನೊಬ್ಬರು 'ಮ' ಎಂದು ಓದಿದರೆ ಅದು ತಿದ್ದುಪಡಿಯಲ್ಲ, ಇನ್ನೊಂದು ಓದು. ಅದನ್ನು ಅದೇ ಫೈಲಿನ ಮುಂದಿನ ವರ್ಷನ್ ಆಗಿ ಹಾಕಿದರೆ ಮೊದಲಿನದು ಒಳಗೆಲ್ಲೋ ಹೂತುಹೋಗುತ್ತದೆ. ಓದಿದವರ ಹೆಸರು, ವರ್ಷ, ಕಲ್ಲನ್ನೇ ನೋಡಿ ಓದಿದರೋ ಫೋಟೋ ನೋಡಿಯೋ ಎಂಬುದನ್ನು ಸೇರಿಸಿ ಬೇರೆಯೇ ದಾಖಲೆಯಾಗಿ ಇಡಿ. ವರ್ಷನ್ ಸೌಲಭ್ಯವನ್ನು ಬೆರಳಚ್ಚಿನ ತಪ್ಪು ತಿದ್ದಲಿಕ್ಕೆ ಮಾತ್ರ ಬಳಸಿ. ತಾನಾಗಿ ಅಳಿಸುವ ನಿಯಮ ಇದ್ದರೆ ಮೊದಲ ದಿನವೇ ತೆಗೆಸಿ, ಅಳಿಸುವ ಅಧಿಕಾರ ಇಬ್ಬರಿಗಿಂತ ಹೆಚ್ಚು ಜನಕ್ಕೆ ಬೇಡ.

ಮೂಲ ಫೋಟೋವನ್ನು ಕ್ಯಾಮೆರಾದಿಂದ ಬಂದಂತೆಯೇ ಇಡಿ. ಕತ್ತರಿಸಿ, ಬೆಳಕು ಹೆಚ್ಚಿಸಿ ಮತ್ತೆ ಮತ್ತೆ ಉಳಿಸಿದ ಜೆಪೆಗ್ ಪ್ರತಿಸಲವೂ ಸ್ವಲ್ಪ ಸವೆಯುತ್ತದೆ, ಕಲ್ಲಿನ ಹಾಗೆಯೇ ಅನ್ನಿ. ಸ್ಕ್ಯಾನ್ ಆದರೆ ಟಿಫ್.

ಕೊನೆಗೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಇಪ್ಪತ್ತು ಶಾಸನಗಳನ್ನು ಒಳಗೆ ಹಾಕಿ, ಮರುದಿನ ಎಲ್ಲವನ್ನೂ ಹೊರಗೆ ತೆಗೆಯಿರಿ. ಫೈಲುಗಳ ಜೊತೆ ನೀವು ತುಂಬಿದ ವಿವರಗಳೂ ಸಾದಾ ಕೋಷ್ಟಕವಾಗಿ ಈಚೆ ಬಂದವೇ, ಱ, ೞ ಅಕ್ಷರಗಳು ಕೆಡದೆ ಉಳಿದವೇ ನೋಡಿ. ಬರಲಿಲ್ಲ ಅಂದರೆ ಬೇರೆ ಸಾಫ್ಟ್‌ವೇರ್ ಹುಡುಕಿ. ಬಂದರೆ, ಅದೇ ರೀತಿ ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಎರಡು ಬೇರೆ ಬೇರೆ ಊರುಗಳಲ್ಲಿ ಇಡುವ ಏರ್ಪಾಟು ಮಾಡಿಕೊಳ್ಳಿ.