ತೆರೆದ ನೀರಿನ ಈಜಿನಲ್ಲಿ ದಿಕ್ಕು ಮತ್ತು ವೇಗ

ಈಜು, ಸೈಕಲ್ ಸವಾರಿ, ಓಟ ಇವು ಮೂರೂ ಒಂದರ ಬೆನ್ನಿಗೊಂದು ಬರುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 2000ದ ಸಿಡ್ನಿ ಒಲಿಂಪಿಕ್ ಕ್ರೀಡಾಕೂಟದಲ್ಲಿ ಇದು ಮೊದಲ ಬಾರಿಗೆ ಸೇರಿತು. ಅಲ್ಲಿನ ಪ್ರಮಾಣದಂತೆ ಈಜು 1.5 ಕಿಲೋಮೀಟರು, ಸವಾರಿ 40, ಓಟ 10. ಈಜು ಸಾಮಾನ್ಯವಾಗಿ ಸಮುದ್ರ, ನದಿ ಅಥವಾ ಸರೋವರದಲ್ಲಿ ನಡೆಯುತ್ತದೆ. ಹೊಳಲ್ಕೆರೆಯ ತೋಟದ ಬಾವಿಯಲ್ಲಿಯೋ ಚಿತ್ರದುರ್ಗದ ಈಜುಕೊಳದಲ್ಲಿಯೋ ಕಲಿತವನಿಗೆ ಅಂತಹ ನೀರಿನಲ್ಲಿ ಎದುರಾಗುವ ಸಮಸ್ಯೆಗಳನ್ನು ವಾಣೀವಿಲಾಸ ಸಾಗರದ ನಿದರ್ಶನದಿಂದ ವಿವೇಚಿಸಬಹುದು.

ಹೊಸದುರ್ಗ ಸೀಮೆಯಿಂದ ಹರಿದುಬರುವ ವೇದಾವತಿಯನ್ನು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ, ಗುಡ್ಡಗಳ ನಡುವೆ ತಡೆದು ನಿರ್ಮಿಸಿದ ಜಲಾಶಯವಿದು. ಇದರ ಮಟ್ಟ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ; 2022ರಲ್ಲಿ ಸುಮಾರು ಒಂಬತ್ತು ದಶಕಗಳ ಬಳಿಕ ಕೋಡಿ ಬಿದ್ದಿತು. ಹೋದ ವರ್ಷ ಕಾಲೂರಿದ ಸ್ಥಳ ಈ ವರ್ಷ ಆಳವಾಗಿರಬಹುದು, ದಡದ ಗಿಡಗಂಟಿ ಮುಳುಗಿರಬಹುದು. ಆದ್ದರಿಂದ ಇಳಿಯುವ ಮತ್ತು ಏರುವ ಸ್ಥಳಗಳನ್ನು ಮುಂಚೆಯೇ ಪರೀಕ್ಷಿಸುವುದು ಮೊದಲ ಕರ್ತವ್ಯ.

ಎರಡನೆಯದು ದಿಕ್ಕು. ಕೊಳದ ತಳದಲ್ಲಿ ದಾರಿ ತೋರುವ ಗೆರೆಯಿರುತ್ತದೆ, ಇಲ್ಲಿ ಇಲ್ಲ. ತೇಲುವ ಗುರುತೊಂದು 500 ಮೀಟರು ದೂರದಲ್ಲಿದೆಯೆನ್ನೋಣ. 10 ಡಿಗ್ರಿ ಓರೆಯಾಗಿ 100 ಮೀಟರು ಈಜಿ ತಿದ್ದಿಕೊಂಡರೆ ಹೆಚ್ಚಾಗುವ ದೂರ ಸುಮಾರು 2 ಮೀಟರು ಮಾತ್ರ. 300 ಮೀಟರಿನವರೆಗೂ ತಿದ್ದಿಕೊಳ್ಳದಿದ್ದರೆ ಅದು 11 ಮೀಟರಾಗುತ್ತದೆ. ಓರೆ 20 ಡಿಗ್ರಿಯಾದರೆ 41 ಮೀಟರು. ಎಂದರೆ ಸಣ್ಣ ತಪ್ಪು ಕ್ಷಮ್ಯ, ಅದನ್ನು ಗಮನಿಸದಿರುವುದೇ ಹಾನಿಕರ. ಆದರೆ ತಲೆಯನ್ನು ಮೇಲೆತ್ತಿದಷ್ಟೂ ಕಾಲು ಮುಳುಗಿ ನೀರಿನ ತಡೆ ಹೆಚ್ಚುತ್ತದೆ. ಎಂಟು ಹತ್ತು ಬೀಸುಗಳಿಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಂತೆ ನೋಡಿ, ಬಳಿಕ ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರೆಳೆಯುವುದು ಯುಕ್ತ. ಅಲೆಗಳು ತೇಲುಗುರುತನ್ನು ಮರೆಮಾಡುವುದುಂಟು. ಅದರ ಹಿಂದೆ ನೇರದಲ್ಲಿ ಕಾಣುವ ಗುಡ್ಡದ ನೆತ್ತಿಯನ್ನು ಗುರಿಯಾಗಿಟ್ಟುಕೊಳ್ಳಬೇಕು. ಬೆಳಗಿನ ಬಿಸಿಲು ಎದುರಿಗಿದ್ದಾಗ ಇದು ವಿಶೇಷವಾಗಿ ಉಪಯುಕ್ತ.

ಮೂರನೆಯದು ವೇಗ. ನೀರಿನ ತಡೆ ಸ್ಥೂಲವಾಗಿ ವೇಗದ ವರ್ಗಕ್ಕೂ, ಅದನ್ನೆದುರಿಸಲು ಬೇಕಾದ ಶಕ್ತಿಯ ದರ ವೇಗದ ಘನಕ್ಕೂ ಅನುಗುಣವಾಗಿರುತ್ತದೆ. ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಿದರೆ ಶಕ್ತಿಯ ವ್ಯಯ ನೂರಕ್ಕೆ 33ರಷ್ಟು ಏರುತ್ತದೆ. ಆರಂಭದ ನೂಕುನುಗ್ಗಲಿನಲ್ಲಿ ಮುನ್ನುಗ್ಗಿದವನು ಮುಂದಿನ ಸವಾರಿ ಮತ್ತು ಓಟಗಳ ಬಂಡವಾಳವನ್ನೇ ಖರ್ಚುಮಾಡುತ್ತಾನೆ. ಹೊಸಬನು ಗುಂಪಿನ ಅಂಚಿನಲ್ಲಿ ನಿಂತು ಹೊರಡುವುದು ಲೇಸು. ತನಗಿಂತ ತುಸು ವೇಗವುಳ್ಳವನ ಪಾದಗಳ ಹಿಂದೆ ಅರ್ಧ ಮೀಟರಿನೊಳಗೆ ಈಜಿದರೆ ತಡೆ ಗಣನೀಯವಾಗಿ ಇಳಿಯುತ್ತದೆ. ಆದರೆ ಮುಂದಿನವನೇ ದಾರಿ ತಪ್ಪಬಹುದಾದ್ದರಿಂದ ಸ್ವಂತ ದೃಷ್ಟಿಯನ್ನು ಬಿಡಬಾರದು.

ಬಾವಿಯಲ್ಲಿ ಕಲ್ಲುಗೋಡೆ ನಾಲ್ಕು ಬೀಸಿನಷ್ಟು ದೂರದಲ್ಲಿರುತ್ತದೆ. ಜಲಾಶಯದ ನಡುವೆ ಹಿಡಿಯಲು ಏನೂ ಇಲ್ಲ. ಉಸಿರು ಕಟ್ಟಿ ದಿಗಿಲಾದರೆ ಅಂಗಾತನಾಗಿ ತೇಲಿ ಕೈಯೆತ್ತಬೇಕು. ಮುಂದೆ ಸಾಗದೆ ರಕ್ಷಣಾ ದೋಣಿಯನ್ನು ಹಿಡಿದು ವಿಶ್ರಮಿಸಲು ಬಹುತೇಕ ನಿಯಮಾವಳಿಗಳು ಅವಕಾಶವೀಯುತ್ತವೆ. ಅನುಮತಿಯಾಗಲಿ ದೋಣಿಯಾಗಲಿ ಇಲ್ಲದೆ ಅಭ್ಯಾಸಕ್ಕೆಂದು ಯಾವ ವಿದ್ಯಾರ್ಥಿಯೂ ಇಂತಹ ನೀರಿಗಿಳಿಯದಂತೆ ನೋಡಿಕೊಳ್ಳುವುದು ಅಧ್ಯಾಪಕರ ಹೊಣೆ.